ಹಳದಿ ಗೆರೆಗಿಂತ ಎತ್ತರದ ಮಗು

ಮಾನ್ಯ ಆರೋಗ್ಯ ನಿರ್ದೇಶಕರೇ,

ನಿಮ್ಮ ಭಿತ್ತಿಪತ್ರ ನನ್ನ ಬಸ್ಸಿನಲ್ಲಿದೆ. ಡ್ರೈವರ್ ಸೀಟಿನ ಬೆನ್ನಿಗಿರುವ ತಗಡಿನ ಮೇಲೆ, ಹೆಂಗಸರ ಸೀಟುಗಳಿಗೆ ಎದುರಾಗಿ ಅಂಟಿಸಿದ್ದಾರೆ. ಚಿತ್ರದಲ್ಲಿ ಒಬ್ಬ ತಾಯಿ ಮಗಳ ಹೆಗಲ ಮೇಲೆ ಕೈಯಿಟ್ಟು ನಗುತ್ತಿದ್ದಾಳೆ. ಮೇಲೆ ದಪ್ಪ ಅಕ್ಷರದಲ್ಲಿ ‘ತಾಯಂದಿರೇ, ಹೆಣ್ಣುಮಗುವಿನ ತೊಂದರೆಯನ್ನು ಮುಚ್ಚಿಡಬೇಡಿ. ವೈದ್ಯರನ್ನು ಯಾವಾಗ ಕಾಣಬೇಕೆಂದು ತಿಳಿಯಿರಿ’ ಎಂದಿದೆ. ಕೆಳಗೆ ಕೆಂಪು ಪಟ್ಟಿಯಲ್ಲಿ ‘ಪೋಷಕರ ವಿಳಂಬವೇ ಮಗುವಿನ ಶತ್ರು’ ಎಂದಿದೆ. ಆ ಕೆಂಪು ಪಟ್ಟಿಯ ಮಾತು ನನ್ನ ಮಗಳ ಮಟ್ಟಿಗೆ ಶುದ್ಧ ಸುಳ್ಳು. ನಾನು ತಡಮಾಡಲಿಲ್ಲ. ಅವಳನ್ನು ನಿಮ್ಮ ದೊಡ್ಡಾಸ್ಪತ್ರೆಗೆ ಮೂರು ಸಲ ಕರೆತಂದೆ. ಎರಡು ಸಲ ಬಾಗಿಲಿನಿಂದ ಬಾಗಿಲಿಗೆ ಅಟ್ಟಿ ಮನೆಗೆ ಕಳಿಸಿದಿರಿ. ಮೂರನೆಯ ಸಲ ಒಳಗೆ ಕರೆದುಕೊಂಡಿರಿ, ಅವಳು ನಡೆದು ಹೊರಗೆ ಬರಲಿಲ್ಲ. ಮಗುವಿನ ಶತ್ರು ಯಾರೆಂದು ಊರಿಗೆಲ್ಲ ಸಾರುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತು. ನೀವು ಕೇಳಲಿಲ್ಲ. ಆದ್ದರಿಂದ ಕೇಳದೆಯೇ ಹೇಳುತ್ತಿದ್ದೇನೆ, ಎಲ್ಲರೆದುರು ಹೇಳುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ಓದು ಹತ್ತನೆಯ ತರಗತಿಗೆ ಮುಗಿಯಿತು. ಕೆಲಸ ಮುಗಿಸಿ ಬಂದಮೇಲೆ ದಿನಚರಿಯಲ್ಲಿ ನಾಲ್ಕು ಸಾಲು ಬರೆಯುವ ಅಭ್ಯಾಸ ಮೊದಲಿನಿಂದ ಇದೆ. ಇವತ್ತು ಬಸ್ಸಿನಲ್ಲಿ ರಶ್ ಇತ್ತು, ಮಗಳಿಗೆ ಹೊಸ ಚಪ್ಪಲಿ ಕಚ್ಚಿತು, ಅಕ್ಕ ಯಾಕೋ ಮುನಿಸಿಕೊಂಡಿದ್ದಾಳೆ, ಇಂಥವು. ನಿಮ್ಮಂಥ ದೊಡ್ಡವರಿಗೆ ಬರೆದು ಅಭ್ಯಾಸವಿಲ್ಲ. ಮಾತು ಒರಟಾಗಿದ್ದರೆ ಮನ್ನಿಸಬೇಕೆಂದು ಕೇಳುವುದಿಲ್ಲ. ಉತ್ತರ ಕೊಟ್ಟರೆ ಸಾಕು. ನಿಮ್ಮ ಭಿತ್ತಿಪತ್ರವನ್ನು ಬರೆದವರಿಗಿಂತ ಹೆಚ್ಚು ಸಲ ನಾನು ಓದಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿಗೆ ಟಿಕೆಟ್ ಕೊಡುತ್ತ ಹೋಗುತ್ತೇನೆ. ಪ್ರತಿ ಸಲವೂ ಹೋಗಿ ನಿಲ್ಲುವುದು ಆ ನಗುವ ತಾಯಿಯ ಮುಂದೆ.

ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳಿಗೆ ತಾಯಿಯಿಲ್ಲ. ಅವಳು ಶಿಶುವಿಹಾರಕ್ಕೆ ಹೋಗುವಾಗಲೇ ನನ್ನ ಹೆಂಡತಿ ತೀರಿಕೊಂಡಳು. ಆಮೇಲೆ ಸಾಕಿದ್ದು ನನ್ನ ಅಕ್ಕ. ತಾಯಿಯ ಎತ್ತರ ಬಂದಿತ್ತು, ಕ್ಲಾಸಿನಲ್ಲಿ ಎಲ್ಲರಿಗಿಂತ ಒಂದು ತಲೆ ಮೇಲೆ. ಡಿಪೋದಲ್ಲಿ ಅವಳಿಗೆ ‘ಅರ್ಧ ಟಿಕೆಟ್ಟು’ ಎಂದು ಹೆಸರು. ಯಾಕೆಂದರೆ ನಮ್ಮ ಬಸ್ಸುಗಳ ಮುಂಬಾಗಿಲ ಕಂಬಿಯ ಮೇಲೆ ಒಂದು ಗೆರೆಯಿದೆ. ಆ ಗೆರೆಗಿಂತ ಗಿಡ್ಡಗಿರುವ ಮಗುವಿಗೆ ಅರ್ಧ ಟಿಕೆಟ್ಟು, ದಾಟಿದರೆ ಪೂರ್ತಿ. ಮಕ್ಕಳು ಬಾಗಿಲ ಹತ್ತಿರ ಬರುತ್ತಲೇ ಮಂಡಿ ಬಾಗಿಸಿ, ಕತ್ತು ಒಳಗೆಳೆದುಕೊಂಡು ಹತ್ತುತ್ತವೆ. ತಾಯಂದಿರು ಆಕಾಶ ನೋಡುತ್ತಾರೆ. ನಾನೂ ಕಂಡೂ ಕಾಣದ ಹಾಗೆ ಇರುತ್ತೇನೆ. ನನ್ನ ಮಗಳು ಆ ಕಲೆಯಲ್ಲಿ ಪಳಗಿದ್ದಳು. ಅವಳಿಗೆ ಟಿಕೆಟ್ಟಿನ ಅಗತ್ಯವೇ ಇರಲಿಲ್ಲ, ಸ್ಟಾಫ್ ಪಾಸಿತ್ತು. ಆದರೂ ಮಂಡಿ ಬಾಗಿಸಿಕೊಂಡೇ ಹತ್ತಿ, ಕೀರಲು ದನಿಯಲ್ಲಿ “ಕಂಡಕ್ಟರ್ ಮಾಮಾ, ಒಂದು ಅರ್ಧ” ಎಂದು ನನ್ನನ್ನೇ ಅಣಕಿಸುತ್ತಿದ್ದಳು. ಡ್ರೈವರಣ್ಣ ಕನ್ನಡಿಯಲ್ಲಿ ನೋಡಿ, “ಈ ಅರ್ಧ ಟಿಕೆಟ್ಟು ಇನ್ನೊಂದು ವರ್ಷಕ್ಕೆ ನಿನ್ನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡುತ್ತೆ ನೋಡ್ತಿರು” ಎನ್ನುತ್ತಿದ್ದ.

ನೋವು ಬಂದದ್ದು ಶಾಲೆಗೆ ರಜೆಯಿದ್ದಾಗ, ನನ್ನ ವಾರದ ರಜೆಯ ದಿನ. ಅಕ್ಕ ಹೊದಿಕೆ ಒಗೆದಿದ್ದಳು. ಒದ್ದೆ ಹೊದಿಕೆಯ ಒಂದು ತುದಿ ಅಕ್ಕನ ಕೈಯಲ್ಲಿ, ಇನ್ನೊಂದು ಮಗಳ ಕೈಯಲ್ಲಿ. ಇಬ್ಬರೂ ಎದುರುಬದುರಾಗಿ ನಿಂತು ಹಿಂಡುವುದು ನಮ್ಮ ಮನೆಯ ರೂಢಿ. ಮಗಳು ತುದಿ ಬಿಟ್ಟು ನೆಲಕ್ಕೆ ಕೂತಳು. ಕೆಳಹೊಟ್ಟೆಯ ಬಲಗಡೆ ಕೈಯೊತ್ತಿ ಹಿಡಿದು ಅಲ್ಲೇ ವಾಂತಿ ಮಾಡಿಕೊಂಡಳು. ಮುಖ ಬಿಳಿಚಿಕೊಂಡಿತ್ತು. ಅಕ್ಕನಿಗೆ ಮೊಣಕಾಲು ನೋವು, ನಡೆಯಲಾರಳು. ನಾನು ಮಗಳನ್ನು ಆಟೋದಲ್ಲಿ ಹಾಕಿಕೊಂಡು ನಿಮ್ಮ ಆಸ್ಪತ್ರೆಗೆ ಬಂದೆ. ಅವಳು ತುದಿ ಬಿಟ್ಟ ಹೊದಿಕೆಯ ನೀರು ಇಳಿಯುವ ಮೊದಲೇ ಬಂದೆ. ಇದಕ್ಕಿಂತ ಬೇಗ ಬರುವುದು ಹೇಗೆಂದು ನಿಮ್ಮ ಭಿತ್ತಿಪತ್ರದಲ್ಲಿ ಬರೆದಿಲ್ಲ.

ಈಗ ನಿಮ್ಮ ಗೆರೆಯ ವಿಷಯ. ನೀವು ಕಾರಿನಿಂದಿಳಿದು ಹಿಂಬಾಗಿಲಿನಿಂದ ಹೋಗುವವರು, ನೋಡಿರಲಿಕ್ಕಿಲ್ಲ. ಚೀಟಿ ಮಾಡಿಸುವ ಕೌಂಟರಿನ ಪಕ್ಕದ ಗೋಡೆಯಲ್ಲಿ ಒಂದು ಹಳದಿ ಗೆರೆಯಿದೆ. ಜನ ವಯಸ್ಸು ಸುಳ್ಳು ಹೇಳುತ್ತಾರೆ, ಕಾಗದ ತರುವುದಿಲ್ಲ ಎಂದು ಯಾರೋ ಬುದ್ಧಿವಂತರು ಹುಡುಕಿದ ಉಪಾಯ. ಗೆರೆಗಿಂತ ಕೆಳಗಿದ್ದರೆ ಮಕ್ಕಳ ವಿಭಾಗ. ಮೇಲಿದ್ದರೆ, ಗಂಡಾದರೆ ಸಾಮಾನ್ಯ ವಿಭಾಗ, ಹೆಣ್ಣಾಗಿ ಕೆಳಹೊಟ್ಟೆ ನೋವೆಂದರೆ ಸ್ತ್ರೀರೋಗ ವಿಭಾಗ. ನೋವಿನಿಂದ ಬಾಗಿದ್ದ ನನ್ನ ಮಗಳನ್ನು ಕೌಂಟರಿನ ಗುಮಾಸ್ತರು ಗೋಡೆಗೆ ನಿಲ್ಲಿಸಿದರು.

“ನೆಟ್ಟಗೆ ನಿಲ್ಲಮ್ಮ. ಹಾಂ, ದಾಟಿದೆ. ಸ್ತ್ರೀರೋಗ.”

“ಸಾರ್, ಅವಳಿಗೆ ಹನ್ನೊಂದು.”

“ಹನ್ನೊಂದೋ ಇಪ್ಪತ್ತೊಂದೋ, ಗೆರೆ ದಾಟಿದೆ. ಮುಂದಿನವರು.”

ಸ್ತ್ರೀರೋಗ ವಿಭಾಗದ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಆಯಾ ನನ್ನ ಎದೆಗೆ ಕೈ ಅಡ್ಡ ಹಿಡಿದಳು. ಗಂಡಸರಿಗೆ ಪ್ರವೇಶವಿಲ್ಲ. ತಾಯಿ ಎಲ್ಲಿ ಎಂದಳು. ಇಲ್ಲ ಎಂದೆ. ಬಂದಿಲ್ಲವಾ ಎಂದಳು. ತೀರಿಕೊಂಡಿದ್ದಾಳೆ ಎಂದು ಮಗಳ ಮುಂದೆ ಹೇಳಬೇಕಾಯಿತು. “ಹಾಗಾದ್ರೆ ಮನೇಲಿರೋ ಯಾರಾದ್ರೂ ಹೆಂಗಸರನ್ನ ಕರ್ಕೊಂಡು ಬನ್ನಿ” ಎಂದಳು. ಅಷ್ಟರಲ್ಲಿ ಒಳಗಿನಿಂದ ನರ್ಸಮ್ಮ ಬಂದು, ಬೆಂಚಿನ ತುಂಬ ಕೂತಿದ್ದ ಬಸುರಿಯರೆಲ್ಲ ಕೇಳುವ ಹಾಗೆ, “ದೊಡ್ಡವಳಾಗಿದ್ದಾಳಾ?” ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. “ಮತ್ತೆ ಇಲ್ಲಿಗ್ಯಾಕೆ ಕರ್ಕೊಂಡು ಬಂದ್ರಿ? ಮುಟ್ಟೇ ಆಗದವಳಿಗೆ ಸ್ತ್ರೀರೋಗ ಎಲ್ಲಿಂದ ಬರುತ್ತೆ? ಮಕ್ಕಳ ವಿಭಾಗಕ್ಕೆ ಹೋಗಿ.” ಮಕ್ಕಳ ವಿಭಾಗಕ್ಕೆ ಹೋದೆವು. ಚೀಟಿಯ ಮೇಲೆ ಸ್ತ್ರೀರೋಗ ಎಂದಿದೆ, ಬದಲಾಯಿಸಿಕೊಂಡು ಬನ್ನಿ ಎಂದರು. ಕೌಂಟರಿಗೆ ಮರಳಿದೆವು. ಗುಮಾಸ್ತರು ಗೆರೆ ತೋರಿಸಿದರು.

ಮಗಳು ನನ್ನ ಅಂಗಿ ಜಗ್ಗಿದಳು. “ಅಪ್ಪಾ, ಇಲ್ಲಿ ನಾನು ಫುಲ್ ಟಿಕೆಟ್ಟು, ಅಲ್ಲಿ ಅರ್ಧ ಟಿಕೆಟ್ಟು. ಇವರು ನನ್ನನ್ನ ದಾರೀಲೇ ಇಳಿಸ್ತಾರೆ, ನೋಡ್ತಿರು” ಎಂದಳು. ನೋವಿನಲ್ಲೂ ನಗಿಸುವ ಹುಡುಗಿ. ನಾನು ನಕ್ಕೆ ಕೂಡ.

ಕಡೆಗೆ ಸಾಮಾನ್ಯ ವಿಭಾಗದ ಒಬ್ಬ ಡಾಕ್ಟರು ಹೋಗಲಿ ಪಾಪ ಎಂದು ನೋಡಿದರು. ನೋಡಿದರು ಎಂದರೆ ಮೇಜಿನ ಆ ಕಡೆಯಿಂದಲೇ ನೋಡಿದರು. ಹೊಟ್ಟೆ ಮುಟ್ಟಲಿಲ್ಲ. ಹೆಣ್ಣುಮಗುವಿನ ಕೆಳಹೊಟ್ಟೆ ನೋಡಲು ನರ್ಸು ಬೇಕು, ನರ್ಸು ಊಟಕ್ಕೆ ಹೋಗಿದ್ದಾರೆ ಎಂದರು. ಗ್ಯಾಸಿಗೆ ಔಷಧಿ ಬರೆದರು. ಅಷ್ಟರಲ್ಲಿ ನೋವು ತಾನಾಗಿ ನಿಂತುಹೋಗಿತ್ತು. ಮಗಳು ಹಸಿವು ಎಂದಳು. ನಾನು ದೇವರಿಗೂ ಡಾಕ್ಟರಿಗೂ ಕೈ ಮುಗಿದು ಅವಳನ್ನು ಮನೆಗೆ ಕರೆದುಕೊಂಡು ಹೋದೆ.

ಬರುವ ನೋವು, ನಿಲ್ಲುವ ನೋವು, ಮತ್ತೆ ಬರುವ ನೋವು. ಅದೇ ಗುರುತು ಎಂದು ಆಮೇಲೆ ಗೊತ್ತಾಯಿತು. ಯಾರು ಹೇಳಿದರೆಂದು ಮುಂದೆ ಬರೆಯುತ್ತೇನೆ. ಅವತ್ತು ಹೇಳುವವರು ಇರಲಿಲ್ಲ.

ಕೆಲವು ವಾರಗಳಾದ ಮೇಲೆ ನೋವು ಮತ್ತೆ ಬಂತು. ಅದೇ ಬಲಗಡೆ, ಅದೇ ವಾಂತಿ. ಈ ಸಲ ಅಕ್ಕ ಮೊಣಕಾಲಿಗೆ ಪಟ್ಟಿ ಬಿಗಿದುಕೊಂಡು ಹೊರಟಳು. “ಹೆಂಗಸರು ಬೇಕಂತಲ್ಲ ಅವರಿಗೆ, ನಾನು ಬರ್ತೀನಿ, ನಡಿ” ಎಂದಳು. ಕೌಂಟರಿನ ಸಾಲಿನಲ್ಲಿ ಮಗಳು ಕಿವಿಯಲ್ಲಿ, “ಅಪ್ಪಾ, ಈ ಸಲ ನೋಡು” ಎಂದಳು. ಗೋಡೆಗೆ ನಿಂತಾಗ ಬಸ್ಸಿನಲ್ಲಿ ಮಾಡುವ ಹಾಗೆ ಲಂಗದೊಳಗೆ ಮಂಡಿ ಬಾಗಿಸಿದಳು. ಕತ್ತು ಒಳಗೆಳೆದುಕೊಂಡಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಗೆರೆಯ ಕೆಳಗೆ ನುಸುಳಲು ನೋಡಿದಳು. ನಿಮ್ಮ ಆಸ್ಪತ್ರೆಯಲ್ಲಿ ಮಗುವಾಗಿ ಉಳಿಯಲು ನನ್ನ ಮಗಳು ಪಟ್ಟ ಪಾಡು ಇದು, ನಿರ್ದೇಶಕರೇ. ಗುಮಾಸ್ತರು ಕಣ್ಣಿಟ್ಟು ನೋಡುವವರು. “ಮಂಡಿ ಮಡಚ್ತಿದ್ದಾಳೆ ನೋಡಿ, ಎಂಥ ಕಿಲಾಡಿ. ನೆಟ್ಟಗೆ ನಿಲ್ಲು.” ಅವಳು ನೆಟ್ಟಗೆ ನಿಂತಳು.

ಅಕ್ಕ ಸುಮ್ಮನಿರಲಿಲ್ಲ. “ಸ್ವಾಮಿ, ಎತ್ತರ ಅಳೆದು ಬಟ್ಟೆ ಹೊಲೀತಾರೆ. ಕಾಯಿಲೆಯನ್ನೂ ಅಳತೆ ತಗೊಂಡೇ ನೋಡ್ತೀರಾ ನೀವು?”

“ಅಮ್ಮಾ, ಗೆರೆ ನಾನು ಎಳೆದಿದ್ದಲ್ಲ.”

“ನೀವು ಎಳೀಲಿಲ್ಲ ಸರಿ. ಒರೆಸೋಕೆ ಯಾರ ಅಪ್ಪಣೆ ಬೇಕು?”

“ಮೇಲಿನವರದ್ದು.”

ಆ ಮೇಲಿನವರು ನೀವು. ಅದಕ್ಕೇ ಪತ್ರ ನಿಮಗೆ ಬರೆದಿದ್ದೇನೆ, ಗುಮಾಸ್ತರಿಗೆ ಬರೆದಿಲ್ಲ.

ಸ್ತ್ರೀರೋಗ ವಿಭಾಗದ ಒಳಗೆ ನಡೆದದ್ದನ್ನು ಅಕ್ಕ ಹೇಳಿದ್ದು. ನಾನು ಹೊರಗೆ, ಆಯಾಳ ಸ್ಟೂಲಿನ ಪಕ್ಕ ನಿಂತಿದ್ದೆ. ಡಾಕ್ಟರಮ್ಮ ಮಗಳನ್ನು ಏನೂ ಕೇಳಲಿಲ್ಲವಂತೆ. ಅಕ್ಕನ ಮುಖ ನೋಡಿ, “ಅತ್ತೆ ಅಲ್ವಾ? ಖುಷಿ ಪಡಿ. ಮೊದಲನೇ ಮುಟ್ಟಿನ ಸೂಚನೆ. ಬಿಸಿನೀರಿನ ಬ್ಯಾಗ್ ಇಡಿ” ಎಂದರಂತೆ.

“ಖುಷಿಯ ವಿಷಯ ಆದ್ರೆ ವಾಂತಿ ಯಾಕೆ ಡಾಕ್ಟ್ರೇ? ಒಂದೇ ಕಡೆ ಚುಚ್ಚುತ್ತೆ ಅಂತಾಳೆ.”

“ಹೆಣ್ಣುಮಕ್ಕಳಿಗೆ ಇದೆಲ್ಲ ಇದ್ದದ್ದೇ ಅಮ್ಮ. ನಿಮಗೆ ಆಗಿರಲಿಲ್ವಾ?”

“ನನಗೆ ಹೀಗೆ ಆಗಿರಲಿಲ್ಲ. ಒಂದು ಸ್ಕ್ಯಾನಿಂಗ್ ಬರ್ಕೊಡಿ.”

“ಮದುವೆಯಾಗದ ಸಣ್ಣ ಹುಡುಗೀನ ನಮ್ಮ ಸ್ಕ್ಯಾನಿಂಗ್ ಸಾಲಲ್ಲಿ ಕೂರಿಸಿದ್ರೆ ನೋಡಿದವರು ಏನಂದ್ಕೋತಾರೆ? ನಿಮ್ಮ ಹುಡುಗಿಗೇ ಕೆಟ್ಟ ಹೆಸರು. ಬೇಕಿದ್ರೆ ಮಕ್ಕಳ ಡಾಕ್ಟ್ರು ಬರೀಲಿ.”

ಮಕ್ಕಳ ಡಾಕ್ಟರು ಬರೆಯಬೇಕಾದರೆ ಗೆರೆಯ ಕೆಳಗಿರಬೇಕು. ಇದು ನಿಮ್ಮ ಏರ್ಪಾಟು. ನನ್ನಂಥ ಹಳೆಯ ಹತ್ತನೇ ಕ್ಲಾಸಿನವನಿಗೆ ಒಂದು ಸಂದೇಹ, ಪರಿಹರಿಸಿ. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಒಂದು ಸಾಧನವನ್ನು ಅತ್ತಿತ್ತ ಆಡಿಸಿ ನೋಡುತ್ತಾರಲ್ಲ, ಆ ಯಂತ್ರಕ್ಕೆ ಮದುವೆಯ ವಿಷಯ ಹೇಗೆ ಗೊತ್ತಾಗುತ್ತದೆ? ಸಾಲಿನಲ್ಲಿ ಕೂತ ಮಗುವಿಗೆ ಕೆಟ್ಟ ಹೆಸರು ಬರುವುದು ನೋಡಿದವರ ಬಾಯಿಂದ. ಆ ಬಾಯಿಗೆ ಹೆದರಿ ಮಗುವಿನ ಹೊಟ್ಟೆಯನ್ನು ಪರೀಕ್ಷಿಸದೆ ಕಳಿಸುವುದು ಯಾವ ವೈದ್ಯಶಾಸ್ತ್ರದಲ್ಲಿದೆ? ‘ಮುಚ್ಚಿಡಬೇಡಿ’ ಎಂದು ನಮಗೆ ಉಪದೇಶ ಮಾಡುತ್ತೀರಿ. ನಾವು ಎಲ್ಲವನ್ನೂ ಬಿಚ್ಚಿ ಹೇಳಿದೆವು. ಬಸುರಿಯರ ಬೆಂಚಿನ ಮುಂದೆ ನಿಂತು ಹೇಳಿದೆವು. ಮುಚ್ಚಿಟ್ಟವರು ನೀವು.

ಅವಳಿಗೆ ನಾವು ಬಿಸಿನೀರಿನ ಬ್ಯಾಗ್ ಇಟ್ಟೆವು. ರಾತ್ರಿಯ ಹೊತ್ತಿಗೆ ನೋವು ಮತ್ತೆ ತಾನಾಗಿ ನಿಂತಿತು. ಡಾಕ್ಟರ ಮಾತು ಮೀರುವ ಜಾಯಮಾನ ನಮ್ಮದಲ್ಲ.

ಮೂರನೆಯ ಸಲ ನೋವು ಬಂದದ್ದು ಶಾಲೆಯಲ್ಲಿ. ಶಾಲೆ ನನ್ನ ರೂಟಿನಲ್ಲೇ ಇದೆ. ನಮ್ಮ ಬಸ್ಸು ಆ ತಿರುವಿಗೆ ಬರುವಾಗ ಟೀಚರು ಅವಳನ್ನು ತೋಳಲ್ಲಿ ಹಿಡಿದುಕೊಂಡು ಸ್ಟಾಪಿನಲ್ಲಿ ನಿಂತಿದ್ದರು. “ಫೋನ್ ಮಾಡಿದ್ರೆ ನೀವು ಎತ್ತಲಿಲ್ಲ, ಹೇಗೂ ಬಸ್ ಬರೋ ಹೊತ್ತು ಅಂತ ಇಲ್ಲೇ ನಿಂತೆ” ಎಂದರು. ಮಗಳ ಮೈ ಕೆಂಡವಾಗಿತ್ತು. ನಾನು ಅವಳನ್ನೆತ್ತಿ ಉದ್ದ ಸೀಟಿನ ಮೇಲೆ ಮಲಗಿಸಿದೆ, ಅಲ್ಲಿದ್ದ ಹೆಂಗಸರು ಎದ್ದು ಜಾಗ ಬಿಟ್ಟರು. ಡ್ರೈವರಣ್ಣ ಎದ್ದು ನಿಂತು ಹಿಂದೆ ತಿರುಗಿ, “ಬಸ್ಸು ಸೀದಾ ದೊಡ್ಡಾಸ್ಪತ್ರೆಗೆ ಹೋಗುತ್ತೆ. ಇಳಿಯೋರು ಈಗಲೇ ಇಳೀರಿ” ಎಂದ. ಯಾರೂ ಇಳಿಯಲಿಲ್ಲ. ಒಬ್ಬ ಮುದುಕರು, “ಮಾತಾಡ್ಬೇಡಪ್ಪ, ಓಡಿಸು” ಎಂದರು. ದಾರಿಯುದ್ದಕ್ಕೂ ಸ್ಟಾಪುಗಳಲ್ಲಿ ಜನ ಕೈ ತೋರಿಸಿ ಬೈಯುತ್ತಿದ್ದರು. ಸೀಟಿ ಊದಲು ನನ್ನ ಬಾಯಲ್ಲಿ ಉಸಿರಿರಲಿಲ್ಲ. ಮಗಳು ಒಂದು ಸಲ ಕಣ್ಣು ಬಿಟ್ಟು, “ಅಪ್ಪಾ, ಗೆರೆ ಹತ್ರ ನಿಲ್ಲೋಕೆ ಆಗಲ್ಲ ನಂಗೆ” ಎಂದಳು.

ನಿಲ್ಲಬೇಕಾಗಲಿಲ್ಲ. ತುರ್ತು ವಿಭಾಗದ ಬಾಗಿಲಿಗೆ ಗೆರೆಯಿಲ್ಲ. ಮಲಗಿದವರನ್ನು ನೀವು ಅಳೆಯುವುದಿಲ್ಲ.

ಅಲ್ಲಿ ಅವತ್ತು ಕೆಲಸದಲ್ಲಿದ್ದ ಸರ್ಜನ್ ಅಮ್ಮನವರ ಋಣ ನನ್ನ ಮೇಲಿದೆ. ಮೊದಲ ಬಾರಿಗೆ ಒಬ್ಬರು ಮಗಳನ್ನೇ ಕೇಳಿದರು, “ಪುಟ್ಟಾ, ಎಲ್ಲಿ ನೋವು, ನಾನು ಮುಟ್ಟಿ ನೋಡಲಾ?” ಎಂದು. ಮಗಳು ತಲೆಯಾಡಿಸಿದಳು. ನನ್ನನ್ನು ಹೊರಗೆ ಹೋಗು ಎನ್ನಲಿಲ್ಲ. “ಅಪ್ಪ ಇಲ್ಲೇ ಇರ್ಲಾ, ಬೇಡ್ವಾ?” ಎಂದು ಅದನ್ನೂ ಅವಳನ್ನೇ ಕೇಳಿದರು. ಇರಲಿ ಎಂದಳು. ಸ್ಕ್ಯಾನಿಂಗ್ ಅಲ್ಲೇ, ಆಗಲೇ ಆಯಿತು. ಆಪರೇಷನ್ನಿಗೆ ಒಯ್ದರು. ಮರುದಿನ ಸಂಜೆ ಅವಳು ಹೋದಳು.

ಆಮೇಲೆ ಆ ಸರ್ಜನ್ ಅಮ್ಮ ಅಕ್ಕನನ್ನೂ ನನ್ನನ್ನೂ ಕೂರಿಸಿಕೊಂಡು ಹೇಳಿದರು. ಬಲಗಡೆಯ ಅಂಡಾಶಯದಲ್ಲಿ ಒಂದು ನೀರುಗುಳ್ಳೆ ಬೆಳೆದಿತ್ತು. ಅದರ ಭಾರಕ್ಕೆ ಅಂಡಾಶಯ ತನ್ನ ಬುಡದಲ್ಲೇ ತಿರುಚಿಕೊಂಡಿತ್ತು. ಮೊದಲ ಸಲ ತಿರುಚಿಕೊಂಡು ತಾನಾಗಿ ಬಿಚ್ಚಿಕೊಂಡಿರಬೇಕು, ಅದಕ್ಕೇ ನೋವು ನಿಂತದ್ದು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಬಿಚ್ಚಿಕೊಳ್ಳಲಿಲ್ಲ. ರಕ್ತ ಹೋಗದೆ ಅದು ಸತ್ತು, ಕೊಳೆತು, ಒಡೆದು, ನಂಜು ಮೈಗೆಲ್ಲ ಏರಿತ್ತು. ಈ ಕಾಯಿಲೆಯಲ್ಲಿ ಜೀವ ಹೋಗುವುದು ಬಹಳ ಅಪರೂಪ, ಅಂಡಾಶಯ ಹೋಗುವುದು ಮಾತ್ರ ಸಾಮಾನ್ಯ ಎಂದರು. ಮುಟ್ಟು ಶುರುವಾಗದ ಮಕ್ಕಳಲ್ಲೂ ಇದು ಬರುತ್ತದೆ, ಹಸುಗೂಸಿನಲ್ಲೂ ಬರಬಹುದು ಎಂದರು. “ಬಟ್ಟೆ ಹಿಂಡಿದ ಹಾಗೆ ಆಗಿರುತ್ತೆ ಅಮ್ಮ” ಎಂದು ಎರಡೂ ಕೈಯಲ್ಲಿ ತೋರಿಸಿದರು. ಅಕ್ಕ ಆ ಕೈಗಳನ್ನೇ ನೋಡುತ್ತ ಕೂತಳು. ಅವತ್ತಿನಿಂದ ನಮ್ಮ ಮನೆಯಲ್ಲಿ ಹೊದಿಕೆ ಹಿಂಡುವುದಿಲ್ಲ. ನೀರು ಸುರಿಯುವ ಹಾಗೇ ತಂತಿಯ ಮೇಲೆ ಹಾಕುತ್ತಾಳೆ. ಇನ್ನೊಂದು ತುದಿ ನಾನು ಹಿಡಿಯುತ್ತೇನೆ ಎಂದರೆ ಬೇಡ ಎನ್ನುತ್ತಾಳೆ.

“ಮೊದಲ ದಿನವೇ ಸ್ಕ್ಯಾನ್ ಮಾಡಿದ್ರೆ ಗುಳ್ಳೆ ಕಾಣ್ತಿತ್ತಾ?” ಎಂದು ನಾನು ಕೇಳಿದೆ. ಸರ್ಜನ್ ಅಮ್ಮ ಸುಳ್ಳು ಹೇಳಬಹುದಿತ್ತು. “ಕಾಣ್ತಿತ್ತು” ಎಂದರು. ನಿಮ್ಮ ಇಲಾಖೆಯಲ್ಲಿ ನಾನು ಕೇಳಿದ ಒಂದೇ ಒಂದು ನೇರ ಉತ್ತರ ಅದು.

ಆಮೇಲೆ ನಿಮ್ಮ ವಿಚಾರಣೆ. ಇಬ್ಬರು ಅಧಿಕಾರಿಗಳು ಬಂದು ಸ್ತ್ರೀರೋಗ ವಿಭಾಗವನ್ನು ಕೇಳಿದರು, ನಾವು ಈ ಮಗುವನ್ನು ನೋಡಿಲ್ಲ ಎಂದರು. ಮಕ್ಕಳ ವಿಭಾಗವನ್ನು ಕೇಳಿದರು, ನಾವೂ ನೋಡಿಲ್ಲ ಎಂದರು. ಎರಡೂ ನಿಜವೇ, ಯಾರೂ ನೋಡಲಿಲ್ಲ. ಹೆತ್ತವರು ಕರೆತಂದ ಮಗುವನ್ನು ಆಸ್ಪತ್ರೆ ನೋಡದಿದ್ದರೆ ತಪ್ಪು ಹೆತ್ತವರದು ಎಂಬ ತೀರ್ಮಾನಕ್ಕೆ ನಿಮ್ಮ ಅಧಿಕಾರಿಗಳು ಯಾವ ದಾರಿಯಿಂದ ತಲುಪಿದರೋ, ಆ ದಾರಿಯಲ್ಲಿ ನಮ್ಮ ಬಸ್ ಓಡುವುದಿಲ್ಲ. ‘ಮೊದಲ ನೋವಿಗೂ ದಾಖಲಾತಿಗೂ ನಡುವೆ ಪೋಷಕರಿಂದ ವಿಳಂಬ’ ಎಂದು ಒಂದು ಸಾಲು ಬರೆದು ಮುಗಿಸಿದರು. ವಿಚಾರಣೆಯಿಂದ ಏನೂ ಆಗಲಿಲ್ಲ ಎಂದು ನಾನು ಹೇಳುವುದಿಲ್ಲ, ಒಂದು ಕೆಲಸ ಆಯಿತು. ಮೊನ್ನೆ ಹೋಗಿ ನೋಡಿದೆ. ಗೋಡೆಯ ಗೆರೆ ಮಾಸಿತ್ತೆಂದು ಹೊಸದಾಗಿ ಬಣ್ಣ ಬಳಿಸಿದ್ದೀರಿ. ಈಗ ದೂರದಿಂದಲೂ ಚೆನ್ನಾಗಿ ಕಾಣುತ್ತದೆ.

ಅದರ ಬೆನ್ನಿಗೆ ಬಂತು ಈ ಭಿತ್ತಿಪತ್ರ.

ನ್ಯಾಯವಾಗಿ ಹೇಳಬೇಕಾದರೆ ಅದರ ನಡುಭಾಗದಲ್ಲಿ ಬರೆದದ್ದೆಲ್ಲ ಸರಿಯಿದೆ. ಸರ್ಜನ್ ಅಮ್ಮನನ್ನು ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಎಂಟು ತುಂಬುವ ಮೊದಲೇ ಎದೆ ಮೂಡಿದರೆ, ಅಥವಾ ಅಷ್ಟು ಚಿಕ್ಕ ಮಗುವಿಗೆ ರಕ್ತಸ್ರಾವವಾದರೆ ಡಾಕ್ಟರಿಗೆ ತೋರಿಸಬೇಕು. ಹದಿನೈದಾದರೂ ಮುಟ್ಟಾಗದಿದ್ದರೆ ತೋರಿಸಬೇಕು. ಮುಟ್ಟೇ ಆಗದೆ ತಿಂಗಳು ತಿಂಗಳೂ ಹೊಟ್ಟೆ ನೋವು ಮಾತ್ರ ಬರುತ್ತಿದ್ದರೆ ಕಾಯಬಾರದು. ಪ್ಯಾಡ್ ಹಾಕಿದ ಒಂದೆರಡು ಗಂಟೆಯೊಳಗೆ ತೊಯ್ದುಹೋಗುತ್ತಿದ್ದರೆ, ನೋವಿಗೆ ಪ್ರತಿ ತಿಂಗಳೂ ಶಾಲೆ ತಪ್ಪುತ್ತಿದ್ದರೆ ಅದು ‘ಇದ್ದದ್ದೇ’ ಅಲ್ಲ. ಪುಟ್ಟ ಮಗುವಿಗೆ ವಾಸನೆಯ ಸ್ರಾವ, ನಿಲ್ಲದ ತುರಿಕೆ, ಉಚ್ಚೆ ಹೊಯ್ಯುವಾಗ ಅಳು ಇದ್ದರೆ ಬೈದು ಸುಮ್ಮನಾಗಿಸದೆ ಕರೆದೊಯ್ಯಬೇಕು. ಯಾರಾದರೂ ಮುಟ್ಟಬಾರದ ಹಾಗೆ ಮುಟ್ಟಿದರು ಎಂದು ಮಗು ಹೇಳಿದರೆ ನಂಬಬೇಕು, ಅವತ್ತೇ ಹೋಗಬೇಕು. ಒಂದೇ ಕಡೆ ಥಟ್ಟನೆ ಬಂದ ಕೆಳಹೊಟ್ಟೆ ನೋವು, ಜೊತೆಗೆ ವಾಂತಿ, ಇವಿದ್ದರೆ ಆ ಗಳಿಗೆಯೇ ಹೊರಡಬೇಕು, ನಡುವೆ ನೋವು ನಿಂತಿತೆಂದು ಹಿಂದೆ ಬರಬಾರದು. ಇದೆಲ್ಲ ನಿಜ. ಹೊಟ್ಟೆನೋವೆಲ್ಲ ಇಂಥದೇ ಆಗಿರುವುದಿಲ್ಲ, ಹೆಚ್ಚಿನವು ಸುಮ್ಮನೆ ಬಂದು ಹೋಗುವಂಥವು ಎಂಬುದೂ ನಿಜ. ಆದರೆ ಮೇಜಿನ ಆ ಕಡೆ ಕೂತು ಯಾವುದು ಯಾವುದೆಂದು ನಿಮ್ಮವರಿಗೆ ಹೇಗೆ ತಿಳಿಯಿತು?

ಯಾವಾಗ ಬರಬೇಕೆಂದು ಇಷ್ಟು ಚೆನ್ನಾಗಿ ಬರೆದವರು ಎಲ್ಲಿಗೆ ಬರಬೇಕೆಂದು ಒಂದು ಸಾಲು ಬರೆಯಲಿಲ್ಲ. ಜನ ಅದನ್ನು ನನ್ನನ್ನು ಕೇಳುತ್ತಾರೆ. ಕಂಡಕ್ಟರನ ಕೆಲಸವೇ ಅದಲ್ಲವೆ, ಎಲ್ಲಿ ಇಳಿಯಬೇಕೆಂದು ಹೇಳುವುದು. ಮೊದಮೊದಲು ಕೆಲವರಿಗೆ ಭಿತ್ತಿಪತ್ರ ನೋಡಿ ಮುಜುಗರವಾಗುತ್ತಿತ್ತು. ಒಬ್ಬ ಯಜಮಾನರು, “ಏನ್ರೀ ಕಂಡಕ್ಟ್ರೇ, ಬಸ್ಸಲ್ಲಿ ಹೆಂಗಸರ ವಿಷಯ ಎಲ್ಲಾ ಅಂಟಿಸ್ತಾರಾ?” ಎಂದರು. ಡ್ರೈವರಣ್ಣ ಕನ್ನಡಿಯಲ್ಲೇ ಅವರನ್ನು ನೋಡಿ, “ನೀವು ಹುಟ್ಟಿದ್ದೂ ಹೆಂಗಸರ ವಿಷಯದಿಂದಲೇ ಯಜಮಾನ್ರೇ, ಕೂತ್ಕೊಳಿ” ಎಂದ. ಬಸ್ಸೆಲ್ಲ ನಕ್ಕಿತು. ಆಮೇಲೆ ಯಾರೂ ತಕರಾರು ಮಾಡಲಿಲ್ಲ.

ಹೋದ ವಾರ ಒಬ್ಬ ತಾಯಿ ಪುಟ್ಟ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಭಿತ್ತಿಪತ್ರವನ್ನು ಬೆರಳಿಟ್ಟು ಓದುತ್ತಿದ್ದಳು. ಬಸ್ ಖಾಲಿಯಾದ ಮೇಲೆ ನನ್ನನ್ನು ಕರೆದಳು. “ಅಣ್ಣಾ, ಇದರಲ್ಲಿ ಎಂಟು ವರ್ಷ ಅಂತ ಇದೆ. ಇವಳಿಗೆ ಏಳೂ ತುಂಬಿಲ್ಲ. ಬಟ್ಟೇಲಿ ಎರಡು ಸಲ ರಕ್ತ ಕಂಡೆ. ನಮ್ಮತ್ತೆ ಯಾರಿಗೂ ಹೇಳ್ಬೇಡ ಅಂದ್ರು. ಇದಕ್ಕೆ ಮಕ್ಕಳ ಡಾಕ್ಟ್ರಾ, ಹೆಂಗಸರ ಡಾಕ್ಟ್ರಾ?”

ನಿರ್ದೇಶಕರೇ, ನಿಮ್ಮ ಭಿತ್ತಿಪತ್ರ ಓದಿ ಧೈರ್ಯ ಮಾಡಿದ ತಾಯಿ ಅವಳು. ಅವಳಿಗೆ ನಾನು ಏನು ಹೇಳಬೇಕಿತ್ತು? ನನ್ನ ಬಸ್ಸಿನ ಕಡೆಯ ಸ್ಟಾಪು ನಿಮ್ಮ ಆಸ್ಪತ್ರೆಯೇ. ಮಗು ಗೆರೆಗಿಂತ ಗಿಡ್ಡಗಿದೆ, ಮಕ್ಕಳ ವಿಭಾಗ ಎನ್ನುತ್ತಾರೆ. ರಕ್ತ ಎಂದ ಕೂಡಲೇ ಸ್ತ್ರೀರೋಗ ಎನ್ನುತ್ತಾರೆ. ಅಲ್ಲಿ ಬೆಂಚಿನ ತುಂಬ ಜನ ಕೇಳುವ ಹಾಗೆ ನರ್ಸಮ್ಮ ಕೂಗುತ್ತಾರೆ. ತಾಯಿ ನಾಚಿಕೊಂಡು ಮನೆಗೆ ಮರಳುತ್ತಾಳೆ. ಅವಳ ಅತ್ತೆ “ನಾನು ಹೇಳಿರಲಿಲ್ವಾ” ಎನ್ನುತ್ತಾರೆ. ಆಮೇಲೆ ನೀವು ಕೆಂಪು ಪಟ್ಟಿ ತೋರಿಸುತ್ತೀರಿ. ನಾನು ಅವಳಿಗೆ ಸರ್ಜನ್ ಅಮ್ಮನ ಕೋಣೆ ಎಲ್ಲಿದೆಯೆಂದು ಹೇಳಿದೆ. “ಹೊಟ್ಟೆ ಮುಟ್ಟಿ ನೋಡೋವರೆಗೂ ಅಲ್ಲಿಂದ ಎದ್ದೇಳಬೇಡಮ್ಮ. ಯಾರು ಎಲ್ಲಿಗೆ ಹೋಗು ಅಂದ್ರೂ ಹೋಗಬೇಡ” ಎಂದೆ. ಅವಳು ಗಾಬರಿಯಿಂದ, “ಬೈದ್ರೆ?” ಎಂದಳು. “ಬೈಸ್ಕೋ” ಎಂದೆ. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಮಗುವನ್ನು ತೋರಿಸುವ ವಿಧಾನ ಇದು, ಕಂಡಕ್ಟರ್ ಹೇಳಿಕೊಡಬೇಕಾದ್ದು.

ನನಗೆ ಬೇಕಾದ್ದು ಹೆಚ್ಚೇನಿಲ್ಲ. ಆ ಹಳದಿ ಗೆರೆಯನ್ನು ಅಳಿಸಿ. ಹುಟ್ಟಿದ ಕೂಸಿನಿಂದ ಹದಿನೆಂಟರವರೆಗಿನ ಹೆಣ್ಣುಮಕ್ಕಳಿಗೆಂದು ಒಂದು ಕೋಣೆ ಕೊಡಿ, ಬಾಗಿಲು ಹಾಕಿಕೊಳ್ಳುವಂಥದ್ದು. ಎರಡೂ ವಿಭಾಗದ ಡಾಕ್ಟರುಗಳು ಅಲ್ಲಿಗೆ ಬರಲಿ, ಮಗುವನ್ನು ಅಲೆಸುವುದು ಬೇಡ. ಅಲ್ಲಿ ಸ್ಕ್ಯಾನಿಂಗಿಗೆ ಬೇರೆ ಸಾಲಿರಲಿ. ಮಗುವನ್ನು ಮುಟ್ಟುವ ಮೊದಲು ಮಗುವನ್ನೇ ಕೇಳಲಿ. ಜೊತೆಗೆ ಯಾರಿರಬೇಕೆಂದೂ ಅವಳನ್ನೇ ಕೇಳಲಿ. ತಾಯಿಯಿಲ್ಲದ ಮಕ್ಕಳು ಇರುತ್ತಾರೆ, ಅವರಿಗೆ ಅಪ್ಪಂದಿರು ಇರುತ್ತಾರೆ, ಅವರಿಗೂ ಒಂದು ಬೆಂಚು ಹಾಕಿಸಿ. ವಿಚಾರಣೆಯ ಆ ಒಂದು ಸಾಲನ್ನು ತಿದ್ದಿ. ಅವಳು ಬಂದಿದ್ದಳು, ನಾವು ನೋಡಲಿಲ್ಲ ಎಂದು ಬರೆಯಿರಿ. ಭಿತ್ತಿಪತ್ರದ ಕೆಂಪು ಪಟ್ಟಿಯಲ್ಲಿ ನಮ್ಮನ್ನು ಬೈಯುವ ಬದಲು ಆ ಕೋಣೆಗೆ ದಾರಿ ಬರೆಯಿರಿ.

ಡಿಪೋ ಮ್ಯಾನೇಜರರನ್ನು ಕೇಳಿದೆ, ಭಿತ್ತಿಪತ್ರ ತೆಗೆಯಲೇ ಎಂದು. ಸರ್ಕಾರದ್ದು, ಕೈ ಹಚ್ಚುವ ಹಾಗಿಲ್ಲ ಎಂದರು. ಬೇಕಾದರೆ ನಿನ್ನನ್ನು ಬೇರೆ ಬಸ್ಸಿಗೆ ಹಾಕುತ್ತೇನೆ ಎಂದರು, ಒಳ್ಳೆಯವರು. ಎಲ್ಲ ಬಸ್ಸಿನಲ್ಲೂ ಅದೇ ಇದೆ. ನಾನು ಬೇಡವೆಂದೆ. ಅದನ್ನು ಹರಿಯುವುದೂ ಇಲ್ಲ. ಅದರ ನಡುಭಾಗವನ್ನು ಯಾರಾದರೂ ಓದಬೇಕಾಗಿದೆ.

ನನ್ನ ಬಸ್ಸಿನ ಗೆರೆಯ ಮಟ್ಟಿಗೆ ಹೇಳಿಬಿಡುತ್ತೇನೆ, ಇದನ್ನು ಓದಿ ನನ್ನ ಮೇಲಧಿಕಾರಿಗಳಿಗೆ ದೂರು ಕೊಡಬೇಕೆನ್ನಿಸಿದರೆ ಕೊಡಿ. ನಾನು ಈಗ ಆ ಗೆರೆಯನ್ನು ನೋಡುವುದಿಲ್ಲ. ಬೆಳಿಗ್ಗೆ ಶಾಲೆಯ ತಿರುವಿನಲ್ಲಿ ಮಕ್ಕಳು ಹತ್ತುತ್ತವೆ. ಅವಳ ಕ್ಲಾಸಿನವರೂ ಇರುತ್ತಾರೆ, ಈ ವರ್ಷ ಎಲ್ಲರೂ ಎತ್ತರವಾಗಿದ್ದಾರೆ. ಅಭ್ಯಾಸಬಲದಿಂದ ಬಾಗಿಲಲ್ಲಿ ಮಂಡಿ ಬಾಗಿಸುತ್ತಾರೆ, ಕತ್ತು ಒಳಗೆಳೆದುಕೊಳ್ಳುತ್ತಾರೆ. ನಾನು ಹೆಗಲು ಹಿಡಿದು, “ನೆಟ್ಟಗೆ ನಿಂತ್ಕೋ ಮರಿ, ಅರ್ಧ ಟಿಕೆಟ್ಟೇ ಕೊಡ್ತೀನಿ” ಎನ್ನುತ್ತೇನೆ.

ಇಂತಿ,
ಹೊದಿಕೆಯ ನೀರಿಳಿಯುವ ಮೊದಲೇ ನಿಮ್ಮ ಬಾಗಿಲಿಗೆ ಬಂದಿದ್ದ,
ಗಂಡಸೆಂದು ಹೊರಗೆ ನಿಂತಿದ್ದ,
ಅರ್ಧ ಟಿಕೆಟ್ಟಿನ ಅಪ್ಪ